ಇನ್‌ಕ್ಯುಬೇಟರ್ ಒಳಗಿನ ತಾಪಮಾನ ಸರಿಯಿಲ್ಲದ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ.

ನಿಮ್ಮ ಕಂಪನಿಯ ಇನ್‌ಕ್ಯುಬೇಟರ್‌ನಲ್ಲಿ ನಾವು ಹಣ್ಣಿನ ನೊಣ ಸಾಕುತ್ತೇವೆ. ವಾರ್ಷಿಕ ನಿರ್ವಹಣೆಯ ಹಣ ಪೂರ್ತಿ ಕಟ್ಟಿದ್ದೇವೆ. ಡಿಸ್‌ಪ್ಲೇಯಲ್ಲಿ 25 ಡಿಗ್ರಿ ಅಂತ ಇರುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಮೇಲಿನ ತಟ್ಟೆಯಲ್ಲಿ 25, ಕೆಳಗಿನದರಲ್ಲಿ 21. ನಿಮ್ಮ ಇಂಜಿನಿಯರ್ ಬಂದು ಡಿಸ್‌ಪ್ಲೇ ಮಾತ್ರ ನೋಡಿದರು. "ಸರಿಯಾಗೇ ಇದೆ ಮೇಡಂ, ನೊಣಕ್ಕೆ ನಾಲ್ಕು ಡಿಗ್ರಿ ಯಾವ ಲೆಕ್ಕ?" ಎಂದು ರಿಪೋರ್ಟ್‌ಗೆ ಸಹಿ ಕೇಳಿದರು. ನಾನು ಹಾಕಲಿಲ್ಲ.

ಆ ನಾಲ್ಕು ಡಿಗ್ರಿ ನಮಗೆ ಯಾಕೆ ಮುಖ್ಯ ಎಂದು ಹೇಳುತ್ತೇನೆ. ನೊಣದ ಕಣ್ಣು ಕೆಂಪಾಗಲು 'ವೈಟ್' ಎಂಬ ಜೀನ್ ಬೇಕು. ನಮ್ಮ ತಳಿಯಲ್ಲಿ ಕ್ರೋಮೋಸೋಮ್‌ನ ಒಂದು ಭಾಗ ತಿರುಗಿ ಕೂತು, ಈ ಜೀನ್ ಹೆಟೆರೋಕ್ರೊಮ್ಯಾಟಿನ್ ಎಂಬ ಭಾಗದ ಪಕ್ಕಕ್ಕೆ ಬಂದಿದೆ. ಅಲ್ಲಿ ಡಿಎನ್‌ಎ, ಹಿಸ್ಟೋನ್ ಪ್ರೋಟೀನ್‌ಗಳ ಜೊತೆ ಬಿಗಿಯಾಗಿ ಮಡಚಿಕೊಂಡಿರುತ್ತದೆ. ಕೆಲವು ಕೋಶಗಳಲ್ಲಿ ಆ ಬಿಗಿ ಜೀನ್‌ವರೆಗೂ ಹರಡಿ ಅದನ್ನು ಮುಚ್ಚಿಬಿಡುತ್ತದೆ. ಜೀನ್‌ನ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೂ ಒಂದೇ ಕಣ್ಣಿನಲ್ಲಿ ಕೆಂಪು-ಬಿಳಿ ಮಚ್ಚೆ! ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಎಕ್ಸ್-ರೇ ತಗುಲಿಸಿದ ನೊಣಗಳಲ್ಲಿ ಇಂಥ ಕಣ್ಣುಗಳನ್ನು ಕಂಡು 1930ರಲ್ಲಿ ವರದಿ ಮಾಡಿದರು. ಮೈಕ್ರೋಸ್ಕೋಪ್‌ನಲ್ಲಿ ನೋಡುವಾಗ ನನಗೆ ಈಗಲೂ ಬೆರಗಾಗುತ್ತದೆ.

ತಂಪಾದರೆ ಈ ಮಚ್ಚೆಗಳಲ್ಲಿ ಬಿಳಿ ಜಾಸ್ತಿ, ಬೆಚ್ಚಗಾದರೆ ಕೆಂಪು ಜಾಸ್ತಿ. ಈ ಬಿಗಿಯನ್ನು ಹಿಡಿದಿಡುವ ಎಚ್‌ಪಿ1 ಎಂಬ ಪ್ರೋಟೀನ್ ಕಡಿಮೆಯಾದಾಗಲೂ ಬಿಗಿ ಸಡಿಲವಾಗಿ ಕೆಂಪು ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂದು ಅಳೆಯುವುದೇ ನಮ್ಮ ಕೆಲಸ. ಆದರೆ ಕೆಳಗಿನ ತಟ್ಟೆಯ ತಂಪು ಅದನ್ನು ಮತ್ತೆ ಬಿಳಿಯ ಕಡೆಗೆ ಎಳೆಯುತ್ತಿದೆ. ಒಂದೇ ಕ್ರಾಸ್‌ನ, ಅಂದರೆ ಒಂದೇ ತಂದೆ-ತಾಯಿ ತಳಿಗಳ ಮರಿಗಳಿರುವ ಸೀಸೆಗಳಲ್ಲಿ ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಫಲಿತಾಂಶ. ವ್ಯತ್ಯಾಸ ಪ್ರೋಟೀನ್‌ನಿಂದ ಬಂತೋ, ನಿಮ್ಮ ಯಂತ್ರದಿಂದ ಬಂತೋ ಹೇಗೆ ಹೇಳುವುದು? 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ ಸಾಕು, ಕೆಳಗಿನ ಸೀಸೆಗಳು ಅದರಲ್ಲೂ ಹಿಂದೆ ಬೀಳುತ್ತಿವೆ. ಇಡೀ ಬ್ಯಾಚ್ ಬಿಸಾಡಬೇಕಾಯಿತು. ಅದು ನಮ್ಮ ಲ್ಯಾಬ್‌ನ ಒಬ್ಬ ಹುಡುಗಿಯ ಪಿಎಚ್‌ಡಿ ಕೆಲಸ, ಸುಮ್ನೆ ಹಾಳಾಯಿತು.

ಒಳಗೆ ಗಾಳಿ ಸರಿಯಾಗಿ ಆಡುತ್ತಿಲ್ಲ ಅನ್ನಿಸುತ್ತದೆ. ದಯವಿಟ್ಟು ಫ್ಯಾನ್, ಸೆನ್ಸರ್ ಎರಡನ್ನೂ ಬಿಚ್ಚಿ ಪರೀಕ್ಷಿಸಿ. ರಿಪೇರಿಯಾದ ಮೇಲೆ ಪ್ರತಿ ತಟ್ಟೆಯಲ್ಲೂ ಲಾಗರ್ ಇಟ್ಟು, ಒಂದು ದಿನದ ತಾಪಮಾನ ದಾಖಲಿಸಿ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೊಡಿ. ಅಲ್ಲಿಯವರೆಗೆ ಬದಲಿ ಯಂತ್ರ ಬೇಕು, ರಿಪೇರಿ ಮುಗಿಯುವವರೆಗೆ ತಳಿಗಳನ್ನು ಹಾಗೇ ಇಡಲು ಆಗುವುದಿಲ್ಲ. ಹಾಳಾದ ಅವಧಿಯನ್ನು ನಿರ್ವಹಣೆ ಒಪ್ಪಂದಕ್ಕೆ ಸೇರಿಸಿ. ಒಂದು ವಾರದೊಳಗೆ ಲಿಖಿತ ಉತ್ತರ ಬರದಿದ್ದರೆ ನಮ್ಮ ಖರೀದಿ ವಿಭಾಗದ ಮೂಲಕ ಮುಂದುವರಿಯುತ್ತೇವೆ. ಥರ್ಮಾಮೀಟರ್ ರೀಡಿಂಗ್‌ಗಳ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ಲ್ಯಾಬ್ ಉಸ್ತುವಾರಿ, ನೊಣ ಸಂಶೋಧನಾ ವಿಭಾಗ