ಆ ಚಿತ್ರ ನನ್ನದಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ನಮ್ಮ ನೇಪಾಳ ಪ್ರವಾಸದ ಬಗ್ಗೆ ಅರ್ಧ ಪುಟ ಹಾಕಿದ್ದೀರಿ. ಸಂತೋಷ. ಆದರೆ ಅದರಲ್ಲಿ ಎರಡು ತಪ್ಪಾಗಿವೆ. ಮೊದಲನೆಯದು ಸಣ್ಣದು. ನಾವು ಹೋಗಿದ್ದು 'ಚಿತ್ರಕಲಾ ತರಬೇತಿ ಶಿಬಿರ'ಕ್ಕಲ್ಲ. ಶಿವಮೊಗ್ಗದ ಎಂಟು ಜನ ಒಂದೊಂದು ಸ್ಕೆಚ್ ಬುಕ್ ಹಿಡಿದು, ಎಲ್ಲಾದರೂ ಕೂತು ಚಿತ್ರ ಬಿಡಿಸಿಕೊಂಡು ಬರೋಣ ಅಂತ ಹೊರಟಿದ್ದು. ಅಷ್ಟೇ.

ಎರಡನೆಯದು ದೊಡ್ಡದು. ನನ್ನ ಹೆಸರಿನ ಜೊತೆ ಅಚ್ಚಾಗಿರುವ, ಕಠ್ಮಂಡು ಪಕ್ಕದ ಭಕ್ತಪುರದ ನ್ಯಾತಪೋಲ ದೇವಸ್ಥಾನದ ಚಿತ್ರ ನನ್ನದಲ್ಲ. ಅದು ತಂಡದಲ್ಲಿದ್ದ 68 ವರ್ಷದ ಹಿರಿಯರೊಬ್ಬರದ್ದು. ಸೊಸೆಯ ಜೊತೆ ಬಂದಿದ್ದರಿಂದ ಅವರನ್ನು ನಾವೆಲ್ಲ 'ಅತ್ತೆ' ಎಂದೇ ಕರೆಯುವುದು. ನಿಮ್ಮ ವರದಿಗಾರರು ಕೇಳಿದಾಗ ಎಲ್ಲರ ಚಿತ್ರಗಳನ್ನೂ ಒಟ್ಟಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ನಾನೇ. ಹಾಗಾಗಿ ಅರ್ಧ ತಪ್ಪು ನನ್ನದೂ ಹೌದು. ನನ್ನ ಚಿತ್ರ ಯಾಕೆ ಕಳಿಸಲಿಲ್ಲ ಅಂದರೆ, ಕಳಿಸಲು ಇರಲಿಲ್ಲ. ಆರು ದಿನದಲ್ಲಿ ನಾನು ಬಿಡಿಸಿದ್ದು ಒಂದೂವರೆ ಪುಟ.

ಪುರವಣಿ ಬಂದ ಮೇಲೆ ನನಗೆ ಫೋನೋ ಫೋನು. 'ಮಿಸ್, ಮುಂದಿನ ಸಲ ನಮ್ಮನ್ನೂ ಕರ್ಕೊಂಡು ಹೋಗಿ' ಅನ್ನುವವರೇ ಎಲ್ಲ. ಕೆಲವರು ತಾವೇ ಒಂದು ತಂಡ ಕಟ್ಟುವ ಉತ್ಸಾಹದಲ್ಲಿದ್ದಾರೆ. ಅವರಿಗೆಲ್ಲ ಒಂದೊಂದೇ ಹೇಳುವ ಬದಲು ಇಲ್ಲೇ ಹೇಳಿಬಿಡುತ್ತೇನೆ. ತಂಡ ಕರೆದುಕೊಂಡು ಹೋಗುವವರು ಚಿತ್ರ ಬಿಡಿಸಲು ಹೋಗುವುದಿಲ್ಲ. ಬೇರೆಯವರು ಬಿಡಿಸುತ್ತಿರುವಾಗ ಶೌಚಾಲಯ ಎಲ್ಲಿದೆ ಎಂದು ಹುಡುಕಲು ಹೋಗುತ್ತಾರೆ.

ತಮಾಷೆ ಅಲ್ಲ. ನಮ್ಮಲ್ಲಿ ಐದು ಜನ ಐವತ್ತು ದಾಟಿದವರು. ಚಿತ್ರ ಬಿಡಿಸುವವರು ಒಂದು ಕಡೆ ಎರಡು ಗಂಟೆ ಕೂರುತ್ತಾರೆ. ಶೌಚಾಲಯ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅರ್ಧ ಗಂಟೆಗೇ ಅವರ ಗೆರೆ ಅವಸರವಾಗುತ್ತದೆ. ಪ್ರತಿ ಹೊಸ ಚೌಕಕ್ಕೆ ಹೋದಾಗಲೂ ನಾನು ಮೊದಲು ಮಾಡುತ್ತಿದ್ದ ಕೆಲಸ ಮೂರು: ಶೌಚಾಲಯ, ನೆರಳು, ಚಹಾ. ಮೂರೂ ಎಲ್ಲಿವೆ ಅಂತ ನೋಡಿಕೊಂಡು ಬಂದ ಮೇಲೆಯೇ 'ಇಲ್ಲಿ ಕೂತ್ಕೊಳ್ಳಿ' ಅನ್ನುತ್ತಿದ್ದೆ.

ಎಂಟೇ ಜನ ಯಾಕೆ ಅಂತಲೂ ಕೇಳುತ್ತಾರೆ. ಕಠ್ಮಂಡುವಿನ ಟ್ಯಾಕ್ಸಿಗಳು ಸಣ್ಣ ಮಾರುತಿ ಕಾರುಗಳು. ಒಂದಕ್ಕೆ ನಾಲ್ಕು ಜನ. ಎಂಟು ಜನ ಅಂದರೆ ಎರಡು ಟ್ಯಾಕ್ಸಿ. ಒಂಬತ್ತನೆಯವರು ಬಂದರೆ ಮೂರನೇ ಟ್ಯಾಕ್ಸಿ, ಅದು ದಾರಿ ತಪ್ಪುವುದು ಖಂಡಿತ. ಇದರ ಹಿಂದೆ ಬೇರೆ ಕಲಾತತ್ವ ಏನೂ ಇಲ್ಲ.

ತಯಾರಿ ಶುರುವಾಗಿದ್ದು ಮೂರು ತಿಂಗಳ ಮೊದಲು, ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ. ನಾನು ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವಳು. ಮನೆಯಲ್ಲಿ ಚೆನ್ನಾಗಿ ಬಿಡಿಸುವವರು ಬೀದಿಯಲ್ಲಿ ಬಿಡಿಸಲಾರರು ಅನ್ನುವುದು ನನಗೆ ಗೊತ್ತು. ಕೈ ನಡುಗುವುದು ಚಿತ್ರ ಬರದೆ ಅಲ್ಲ, ನಾಚಿಕೆಗೆ. ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಹೂವಿನ ಅಂಗಡಿಗಳ ಎದುರು ನಿಲ್ಲಿಸಿದೆ. ಇಪ್ಪತ್ತು ನಿಮಿಷಕ್ಕೆ ಒಂದು ಚಿತ್ರ. ಪೆನ್ನು ಮಾತ್ರ. ರಬ್ಬರ್ ಮನೆಯಲ್ಲಿಟ್ಟು ಬರಬೇಕು. ಮೊದಲ ಭಾನುವಾರ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಕಂಬದ ಹಿಂದೆ ನಿಂತು, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬಿಡಿಸಿದರು. ಯಾರೋ ಹಳೆಯ ಗಿರಾಕಿ 'ಏನ್ ಸಾರ್, ಲೆಕ್ಕ ಬರೀತಿದ್ದೀರಾ?' ಅಂದಾಗ 'ಹೌದು' ಅಂದುಬಿಟ್ಟರಂತೆ! ಆರನೇ ಭಾನುವಾರದ ಹೊತ್ತಿಗೆ ಅವರೇ ಹೂವಿನವಳಿಗೆ ಚಿತ್ರ ತೋರಿಸಿ ಅಭಿಪ್ರಾಯ ಕೇಳುತ್ತಿದ್ದರು.

ಒಂದು ದಿನ ಮೂಡುಬಿದಿರೆಗೆ ಹೋದೆವು. ಇದೊಂದು ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಉಪಾಯ. 1430ರ ಕಾಲದ ಸಾವಿರ ಕಂಬದ ಬಸದಿಯನ್ನು ದೂರದಿಂದ ನೋಡಿ, ಒಂದರ ಮೇಲೊಂದು ಇಳಿಜಾರು ಚಾವಣಿ, ಅಂದರೆ ಮಾಡು. ನೇಪಾಳದ ದೇವಸ್ಥಾನಗಳ ಮಾಡಿಗೂ ಇದಕ್ಕೂ ಹೋಲಿಕೆ ಇದೆ ಅಂತ ಭಾರತದ ವಾಸ್ತುಶಿಲ್ಪದ ಬಗ್ಗೆ ಬರೆದ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲೇ ಗುರುತಿಸಿದ್ದ. ಇಂಥ ಮಾಡು ಬಿಡಿಸುವಾಗ ಎಲ್ಲರೂ ಮಾಡುವ ತಪ್ಪು ಒಂದೇ. ಕೆಳಗಿನ ಮಾಡನ್ನು ದೊಡ್ಡದಾಗಿ ಬಿಡಿಸಿ, ಮೇಲಕ್ಕೆ ಹೋಗುವಷ್ಟರಲ್ಲಿ ಕಾಗದ ಮುಗಿದಿರುತ್ತದೆ. ಮೊದಲು ನಡುವೆ ಒಂದು ನೇರ ಗೆರೆ, ಅದರ ಸುತ್ತ ತೆಳುವಾಗಿ ಒಂದು ತ್ರಿಕೋನ, ಅದರೊಳಗೆ ಮಾಡುಗಳು. ಆಮೇಲೆ ಮಾಡಿನ ಕೆಳಗಿನ ಕತ್ತಲು. ಆ ಕತ್ತಲು ಹಾಕದಿದ್ದರೆ ಮಾಡು ಗಾಳಿಯಲ್ಲಿ ತೇಲುತ್ತದೆ. ಇದನ್ನು ಮೂಡುಬಿದಿರೆಯಲ್ಲಿ ಕಲಿತವರಿಗೆ ಭಕ್ತಪುರದಲ್ಲಿ ಹೇಳಿಕೊಡಬೇಕಾಗಿ ಬರಲಿಲ್ಲ.

ಕಾಗದಪತ್ರದ ವಿಷಯ. ನೇಪಾಳಕ್ಕೆ ನಮಗೆ ವೀಸಾ ಬೇಡ, ನಿಜ. ಹಾಗಂತ ಎಲ್ಲರೂ ಆಧಾರ್ ತೋರಿಸಿ ವಿಮಾನ ಹತ್ತಬಹುದು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ನಮ್ಮ ಜೊತೆ ಬಂದ ಟೈಲರ್ ಒಬ್ಬರ ಹತ್ತಿರ ಎರಡೂ ಇರಲಿಲ್ಲ. ವೋಟರ್ ಚೀಟಿ ಎಲ್ಲೋ ಇದೆ ಅಂತ ಒಂದು ತಿಂಗಳು ಹುಡುಕಿದರು. ಕೊನೆಗೆ ಸಿಕ್ಕಿದ್ದು ದೇವರ ಫೋಟೋದ ಹಿಂದೆ. ಅದರಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇಲ್ಲ, ಟಿಕೆಟಿನಲ್ಲಿ ಇದೆ. ಅದನ್ನು ಸರಿ ಮಾಡಿಸಲು ನಾಲ್ಕು ದಿನ ಫೋನಿನಲ್ಲೇ ಕೂತೆ. ನಮ್ಮ ಕಡೆಯವರಿಗೆ ಇನಿಷಿಯಲ್ಲೇ ದೊಡ್ಡ ಶನಿ. ಟಿಕೆಟ್ ಮಾಡುವ ಮೊದಲೇ ಎಲ್ಲರ ಚೀಟಿಯ ಫೋಟೊ ತರಿಸಿಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಆ ಟೈಲರ್ ಮಾಡಿದ ಉಪಕಾರವನ್ನೂ ಹೇಳಬೇಕು. ಎಂಟೂ ಜನಕ್ಕೆ ಹೆಗಲಿಗೆ ಹಾಕುವ ಚೀಲ ಹೊಲಿದುಕೊಟ್ಟರು. ಬ್ರಷ್‌ಗೆ ಒಂದು ಜೇಬು, ಬಣ್ಣದ ಡಬ್ಬಿಗೆ ಒಂದು, ಹಳೆ ಬನಿಯನ್ ತುಂಡಿಗೆ ಒಂದು. ಚೀಲವನ್ನೇ ಮಡಚಿದರೆ ಕೂರುವ ದಿಂಬು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಮಡಚುವ ಸ್ಟೂಲುಗಳಲ್ಲಿ ಎರಡು ಮೊದಲ ದಿನವೇ ಮುರಿದವು. ಈ ಚೀಲಗಳು ಇವತ್ತಿಗೂ ಗಟ್ಟಿಯಾಗಿವೆ.

ಸಾಮಾನು ಕಡಿಮೆ ಇರಲಿ. ಹನ್ನೆರಡು ಬಣ್ಣ ಸಾಕು. ಭಕ್ತಪುರದಲ್ಲಿ ಜಾಸ್ತಿ ಖರ್ಚಾಗುವುದು ಇಟ್ಟಿಗೆಯ ಕೆಂಪು ಮತ್ತು ಮರದ ಕಂದು. ಪೆನ್ಸಿಲ್ ಚೂಪು ಮಾಡುವ ಬ್ಲೇಡು ಕೈಚೀಲದಲ್ಲಿ ಬೇಡ, ಕಿತ್ತುಕೊಳ್ಳುತ್ತಾರೆ. ಶಾಯಿ ಪೆನ್ನನ್ನು ಒಂದೋ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲೆ ಬರುವ ಹಾಗೆ ಇಡಿ. ಅರ್ಧ ತುಂಬಿದ ಪೆನ್ನು ವಿಮಾನದಲ್ಲಿ ಕಕ್ಕುತ್ತದೆ. ನನ್ನ ಬಿಳಿ ಜುಬ್ಬಾ ಅದಕ್ಕೆ ಸಾಕ್ಷಿ.

ಹೋಗಿದ್ದು ನವೆಂಬರಿನಲ್ಲಿ. ಮಳೆ ಮುಗಿದಿರುತ್ತದೆ, ಬಿಸಿಲು ತೆಳ್ಳಗೆ ಚೆನ್ನಾಗಿರುತ್ತದೆ. ಆದರೆ ಬೆಳಿಗ್ಗೆ ಏಳಕ್ಕೆ ಚಳಿಯಲ್ಲಿ ಬಣ್ಣ ಒಣಗುವುದೇ ಇಲ್ಲ. ಟೈಲರ್ ತಮ್ಮ ಪುಟವನ್ನು ಬಿಸಿ ಚಹಾ ಲೋಟಕ್ಕೆ ಹಿಡಿದು ಒಣಗಿಸುತ್ತಿದ್ದರು. ಆಕ್ಸಿಜನ್ ಬೇಕಾಯಿತಾ ಅಂತ ಕೇಳಿದವರಿಗೆ: ಕಠ್ಮಂಡು ಕಣಿವೆ ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಮುಕ್ತಿನಾಥಕ್ಕೆ ಹೋದಿರಾ, ಸಾಲಿಗ್ರಾಮ ತಂದಿರಾ ಅಂದವರಿಗೆ: ಇಲ್ಲ, ಇಲ್ಲ. ನಾಲ್ಕು ದಿನ ಭಕ್ತಪುರ, ಒಂದು ದಿನ ಪಾಟನ್, ಅರ್ಧ ದಿನ ಪಶುಪತಿನಾಥ. ಇಷ್ಟೇ ನೋಡಿದ್ದು. ಅಷ್ಟು ದೂರ ಹೋಗಿ ಇಷ್ಟೇನಾ ಅಂತ ನನ್ನ ತಮ್ಮನಿಗೆ ಇನ್ನೂ ಬೇಸರ.

ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ಫೋನುಗಳು ತಾವೇ ಬದಲಾದವು. ಬ್ಯಾಂಕ್ ಮ್ಯಾನೇಜರ್ ಕಟ್ಟಿದ್ದು ಎಚ್‌ಎಂಟಿ ವಾಚು, 'ಆರು ದಿನಕ್ಕೆ ಯಾಕೆ ಮುಳ್ಳು ತಿರುಗಿಸೋದು' ಅಂತ ಹಾಗೇ ಬಿಟ್ಟರು. ಪ್ರತಿ ದಿನ ಸರಿಯಾಗಿ ಹದಿನೈದು ನಿಮಿಷ ತಡವಾಗಿ ಬಂದು 'ನಾನು ಕರೆಕ್ಟ್ ಟೈಮಿಗೆ ಬಂದಿದ್ದೀನಿ' ಅನ್ನುತ್ತಿದ್ದರು. ಮೂರನೇ ದಿನದಿಂದ ಅವರಿಗೆ ಮಾತ್ರ ಕಾಲು ಗಂಟೆ ಮುಂಚಿನ ಸಮಯ ಹೇಳತೊಡಗಿದೆ. ಈ ಪತ್ರ ಓದಿದಾಗಲೇ ಅವರಿಗೆ ಅದು ಗೊತ್ತಾಗುವುದು.

ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು ಅಂತ ಕೇಳಿ ಎಲ್ಲರಿಗೂ ಖುಷಿ. ಆದರೆ ಅಲ್ಲಿ ನಾವು ಪುಸ್ತಕ ತೆಗೆಯಲಿಲ್ಲ. ದೇವಸ್ಥಾನದ ಪಕ್ಕದಲ್ಲೇ ಬಾಗ್ಮತಿ ನದಿ, ದಡದಲ್ಲಿ ಚಿತೆಗಳು. ತಂಡದಲ್ಲಿದ್ದ ಇಂಜಿನಿಯರಿಂಗ್ ಹುಡುಗ ಎದುರು ದಡದ ಮೆಟ್ಟಿಲ ಮೇಲೆ ಕೂತು ಪೆನ್ನು ತೆಗೆದ. ಬೇಡ ಅಂದೆ. 'ದೂರದಿಂದ ಅಲ್ವಾ ಮಿಸ್, ಮುಖ ಕಾಣಲ್ಲ' ಅಂದ. ಸುತ್ತ ಬೇರೆಯವರು ಫೋಟೊ ತೆಗೆಯುತ್ತಲೇ ಇದ್ದರು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಗ ಅತ್ತೆಯೇ ಹೇಳಿದ್ದು: 'ನಿಮ್ಮಜ್ಜನ್ನ ಸುಡುವಾಗ ಯಾರಾದ್ರೂ ಎದುರಿಗೆ ಕೂತು ಬರೀತಾ ಇದ್ರೆ?' ಹುಡುಗ ಪೆನ್ನು ಮುಚ್ಚಿದ. ಅರ್ಧ ಗಂಟೆ ಎಲ್ಲರೂ ಸುಮ್ನೆ ಕೂತಿದ್ದೆವು. ಇಂಥದ್ದನ್ನೆಲ್ಲ ಹೊರಡುವ ಮೊದಲೇ ಮಾತಾಡಿಕೊಳ್ಳಬೇಕಿತ್ತು. ಬ್ಲೇಡು, ಶಾಯಿ ಎಲ್ಲ ಪಟ್ಟಿ ಮಾಡಿದವಳು ಇದನ್ನು ಮರೆತಿದ್ದೆ.

ಪಾಟನ್‌ನಲ್ಲಿ ಹುಡುಗನದ್ದೇ ಒಳ್ಳೆಯ ಚಿತ್ರ. ಅಲ್ಲಿ 1637ರಲ್ಲಿ ಸಿದ್ಧಿ ನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರ ಇದೆ, ಎಲ್ಲರೂ ಅದರ ಮುಂದೆ ಕೂತರು. ಇವನು 2015ರ ಭೂಕಂಪದಲ್ಲಿ ಬಿದ್ದು ಮತ್ತೆ ಕಟ್ಟಿದ ದೇವಸ್ಥಾನದ ಒಂದು ಮೂಲೆಯನ್ನಷ್ಟೇ ಬಿಡಿಸಿದ. ಹಳೆಯ ಕೆತ್ತನೆಯ ಮರ ಕಪ್ಪಗೆ, ಅದರ ಪಕ್ಕ ಜೋಡಿಸಿದ ಹೊಸ ಮರ ತೆಳು ಬಣ್ಣದ್ದು. ಎರಡನ್ನೂ ಎರಡೇ ಬಣ್ಣದಲ್ಲಿ ಹಿಡಿದಿದ್ದ.

ಇನ್ನು ಆ ನ್ಯಾತಪೋಲದ ಚಿತ್ರ. ಭಕ್ತಪುರದಲ್ಲಿ ಬೀದಿ ಬೀದಿಗೆ ಪಾಟಿ ಅಂತ ಮಾಡು ಹಾಕಿದ ಕಟ್ಟೆಗಳಿವೆ, ನಮ್ಮ ಜಗಲಿಯ ಹಾಗೆ. ಯಾರೂ ಬಂದು ಕೂರಬಹುದು. ವಯಸ್ಸಾದವರು ಚಿತ್ರ ಬಿಡಿಸಲು ಇದಕ್ಕಿಂತ ಒಳ್ಳೆಯ ಊರು ನಾನು ಕಂಡಿಲ್ಲ. ಎರಡನೇ ದಿನ ಎಲ್ಲರೂ ಒಂದು ಪಾಟಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಕೊಡುವ ಅಲ್ಲಿನ ಮೊಸರು ತಿನ್ನುತ್ತಿದ್ದೆವು. ಕುಡಿಕೆ ತೊಳೆದು ಬಣ್ಣದ ನೀರಿಗೆ ಇಟ್ಟುಕೊಂಡರೆ ಅದು ಜಿನುಗಿ ಸೊಸೆಯ ಪುಸ್ತಕವೆಲ್ಲ ಒದ್ದೆ. ಆ ಗಲಾಟೆ ಮುಗಿದು ನೋಡಿದರೆ ಅತ್ತೆ ಇಲ್ಲ. ಫೋನು ಸೊಸೆಯ ಚೀಲದಲ್ಲೇ ಇದೆ. ನನ್ನ ಕೈಕಾಲು ತಣ್ಣಗಾಯಿತು. ಕುಂಬಾರರ ಚೌಕ, ದತ್ತಾತ್ರೇಯ ಚೌಕ, ನವಿಲಿನ ಕಿಟಕಿಯ ಓಣಿ, ಎಲ್ಲ ಕಡೆ ಓಡಿದೆ. ಒಂದು ಗಂಟೆ ಆದ ಮೇಲೆ ಸಿಕ್ಕಿದರು, ತೌಮಧಿ ಚೌಕದಲ್ಲಿ. ನೆಲದ ಮೇಲೆ ಚಾಪೆ ಹಾಸಿ ಭತ್ತ ಒಣಗಿಸುತ್ತಿದ್ದ ಹೆಂಗಸರ ನಡುವೆ ಕೂತಿದ್ದಾರೆ, ಎದುರಿಗೆ ನ್ಯಾತಪೋಲ, ಸುತ್ತ ಮಕ್ಕಳು. ಬೈಯೋಣ ಅಂತ ಹೋದವಳು ಪುಸ್ತಕ ನೋಡಿ ಸುಮ್ಮನಾದೆ. ಅಂದಿನಿಂದ ಎಲ್ಲರ ಚೀಲದಲ್ಲೂ ವಸತಿಗೃಹದ ಹೆಸರು ಬರೆದ ಚೀಟಿ ಇಟ್ಟೆ.

ಇನ್ನೊಂದು ಮಾತು. ಚಿತ್ರ ನೋಡಿದ ಒಬ್ಬ ಓದುಗರು ಫೋನ್ ಮಾಡಿ, 'ಡ್ರಾಯಿಂಗ್ ಟೀಚರ್ ಆಗಿ ಲೆಕ್ಕ ತಪ್ಪಿದ್ದೀರಲ್ಲ' ಅಂದರು. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ಆ ದೇವಸ್ಥಾನಕ್ಕೆ ಐದು ಮಾಡು, ಕೆಳಗೆ ಐದು ಹಂತದ ಜಗತಿ, ಅಂದರೆ ಕಟ್ಟೆ. ಮೆಟ್ಟಿಲ ಪಕ್ಕ ಕೆಳಗಿನಿಂದ ಜಟ್ಟಿಗಳು, ಆನೆ, ಸಿಂಹ ಹೀಗೆ ಜೋಡಿ ಜೋಡಿಯಾಗಿ ನಿಂತಿವೆ. ಪ್ರತಿ ಜೋಡಿಗೂ ಕೆಳಗಿನ ಜೋಡಿಗಿಂತ ಹತ್ತು ಪಟ್ಟು ಬಲ ಅಂತ ಅಲ್ಲಿಯವರು ಹೇಳುತ್ತಾರೆ. ಚಿತ್ರದಲ್ಲಿ ಹಂತ ನಾಲ್ಕೇ ಇವೆ, ಜಟ್ಟಿಗಳ ತಲೆ ಮಾತ್ರ ಕಾಣುತ್ತದೆ. ಓದುಗರ ಎಣಿಕೆ ಸರಿಯಾಗಿಯೇ ಇದೆ. ಆದರೆ ಅತ್ತೆ ಕೂತಿದ್ದು ನೆಲದ ಮೇಲೆ, ಮುಂದೆ ಭತ್ತದ ರಾಶಿ. ಕೆಳಗಿನ ಹಂತ ಅದರ ಹಿಂದೆ ಇದೆ. ನೀವು ಅಚ್ಚು ಮಾಡುವಾಗ ಚಿತ್ರದ ಕೆಳಭಾಗ ಕತ್ತರಿಸಿದ್ದೀರಿ. ರಾಶಿಯೂ ಹೋಯಿತು, ಮೊರ ಹಿಡಿದ ಹೆಂಗಸೂ ಹೋದಳು.

ದಯವಿಟ್ಟು ಪೂರ್ತಿ ಚಿತ್ರವನ್ನು ಇನ್ನೊಮ್ಮೆ ಹಾಕಿ, ಬಿಡಿಸಿದವರು ಬೇರೆಯವರು ಎಂದು ತಿದ್ದುಪಡಿ ಕೊಡಿ. ತಮ್ಮ ಹೆಸರು ಬೇಡ ಅಂದಿದ್ದಾರೆ. ವಯಸ್ಸಂತೂ ಬೇಡವೇ ಬೇಡವಂತೆ. ಅದನ್ನು ನಾನು ಮೇಲೆ ಬರೆದುಬಿಟ್ಟಿದ್ದೇನೆ, ನೀವಾದರೂ ಹೊಡೆದುಹಾಕಿ.

ಇತಿ,
ನಿವೃತ್ತ ಡ್ರಾಯಿಂಗ್ ಮಿಸ್, ಶಿವಮೊಗ್ಗ