ತೇಗ ಎಂದರಷ್ಟೇ ಸಾಲದು, ಚೇಗು ಎಷ್ಟಿದೆ ಹೇಳಿ

ಮಾನ್ಯ ಸಂಪಾದಕರೇ,

ಪೀಠೋಪಕರಣಗಳ ಜಾಹೀರಾತುಗಳಲ್ಲಿ ‘ಅಪ್ಪಟ ತೇಗ’ ಎಂದು ಬರೆದಿರುತ್ತದೆಯೇ ಹೊರತು, ಅದರಲ್ಲಿ ಚೇಗು, ಅಂದರೆ ಕಾಂಡದ ನಡುವಿನ ಬಲಿತ ತಿರುಳು ಎಷ್ಟು, ಅದರ ಸುತ್ತಲಿನ ಬಿಳಿಯ ಭಾಗ ಎಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ. ಗೆದ್ದಲನ್ನೂ ಕೊಳೆಯನ್ನೂ ತಡೆಯುವ ತೇಗದ ಪ್ರಸಿದ್ಧ ಗುಣವಿರುವುದು ಹೊಂಬಣ್ಣದಿಂದ ಕಂದುಬಣ್ಣಕ್ಕೆ ತಿರುಗುವ ಚೇಗಿನಲ್ಲಿ ಮಾತ್ರ. ಬಿಳಿಯ ಭಾಗಕ್ಕೆ ಹುಳು ಸುಲಭವಾಗಿ ಹತ್ತುತ್ತದೆ. ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೇ ಕಡಿದ ನೆಡುತೋಪಿನ ಮರ ಬಲದಲ್ಲಿ ಹೆಚ್ಚು ಹಿಂದೆ ಬೀಳದಿದ್ದರೂ, ಅದರಲ್ಲಿ ಚೇಗಿನ ಪಾಲು ಕಡಿಮೆ ಇರುವುದರಿಂದ ಹಳೆಯ ಮರದಷ್ಟು ಬಾಳಿಕೆಯನ್ನು ಅದರಿಂದ ನಿರೀಕ್ಷಿಸಲಾಗದು.

ತೇಗ ಅತಿ ಗಡಸು ಮರವೇನಲ್ಲ. ಒಣಗಿದ ಮೇಲೆ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಇದಕ್ಕಿಂತ ಭಾರದ, ಗಟ್ಟಿಯಾದ ಮರಗಳು ಉಷ್ಣವಲಯದಲ್ಲಿ ಎಷ್ಟೋ ಇವೆ. ಇದರ ನಿಜವಾದ ಹೆಚ್ಚುಗಾರಿಕೆ ಆಕಾರ ಕೆಡದಿರುವುದು. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರಗಳ ಗುಂಟ ಶೇ 6ರಷ್ಟು, ಅವುಗಳಿಗೆ ಅಡ್ಡಲಾಗಿ ಶೇ 2.5ರಷ್ಟು ಮಾತ್ರ ಕುಗ್ಗುವುದರಿಂದ, ಮಳೆಬಿಸಿಲಿಗೆ ಒಡ್ಡಿದ ಬಾಗಿಲು, ಕಿಟಕಿ, ಹಡಗಿನ ಅಟ್ಟಗಳಿಗೆ ಇದನ್ನೇ ಆರಿಸಿಕೊಳ್ಳುತ್ತಾರೆ.

ಕೆಲಸಗಾರರ ಕಷ್ಟವನ್ನೂ ಇಲ್ಲಿ ಹೇಳಲೇಬೇಕು. ಮರದೊಳಗಿನ ಸಿಲಿಕಾ (ಮರಳಿನಲ್ಲಿರುವ ಗಡಸು ಖನಿಜ) ಗರಗಸದ ಹಲ್ಲನ್ನೂ, ಮರದ ಮೈ ನುಣುಪಾಗಿಸುವ ಹತ್ತರಿಯ ಅಲಗನ್ನೂ ಬೇಗ ಮೊಂಡಾಗಿಸುತ್ತದೆ. ಯಂತ್ರದಲ್ಲಿ ಕೊಯ್ಯುವವರು ಉಕ್ಕಿಗಿಂತ ಗಡಸಾದ ಕಾರ್ಬೈಡ್ ತುದಿಯ ಅಲಗು ಬಳಸುವುದು ಲೇಸು. ತೇಗದ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯದೆ ಕೀಲುಗಳು ಬಿಟ್ಟುಕೊಳ್ಳಬಹುದು. ಆದ್ದರಿಂದ ಹತ್ತರಿ ಹೊಡೆದ ಹೊಸ ಮೈಯನ್ನು ಎಣ್ಣೆ ಕರಗಿಸುವ ಅಸಿಟೋನ್ ದ್ರವದಿಂದ ಒರೆಸಿ, ಅದು ಆರಿದೊಡನೆ, ತಡಮಾಡದೆ ಅಂಟು ಹಚ್ಚಬೇಕು. ಇದರ ಹುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಉಸಿರಿನ ತೊಂದರೆಯನ್ನೂ ತರುತ್ತದೆ. ಉಪ್ಪುಕಾಗದ ಉಜ್ಜುವವರಿಗೆ ಮುಖಗವಸನ್ನೂ ಹುಡಿ ಹೀರುವ ವ್ಯವಸ್ಥೆಯನ್ನೂ ಒದಗಿಸುವುದು ಕೆಲಸ ಕೊಟ್ಟವರ ಹೊಣೆ, ಉಪಕಾರವಲ್ಲ.

ಹೊರಗಿಟ್ಟ ತೇಗ ಬೂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಬಿಸಿಲಿಗೆ ಮೇಲ್ಪದರ ಮಾತ್ರ ಬಣ್ಣಗೆಡುತ್ತದೆ, ಒಳಗಿನ ಮರ ಹಾಗೆಯೇ ಇರುತ್ತದೆ.

ತೇಗದ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳುವ ಮಾರಾಟಗಾರರು ಚೇಗಿನ ಪ್ರಮಾಣ, ಮರದ ವಯಸ್ಸು ಮತ್ತು ಒಣಗಿಸಿದ ಮೇಲೆ ಉಳಿದ ತೇವಾಂಶ, ಈ ಮೂರನ್ನೂ ರಸೀದಿಯಲ್ಲಿ ಬರೆದುಕೊಡಬೇಕು; ಕೊಳ್ಳುವವರೂ ಬಣ್ಣ ಬಳಿಯುವ ಮೊದಲೇ ಹಲಗೆಯ ಅಂಚು ಮತ್ತು ಹಿಂಬದಿಯನ್ನು ನೋಡಿಯೇ ಒಪ್ಪಿಕೊಳ್ಳಬೇಕು ಎಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮರಗೆಲಸಗಾರ