ಎಕ್ಸ್‌ಚೇಂಜ್‌ನಲ್ಲಿ ಒಯ್ದ ನಮ್ಮ ಡಿವಿಡಿ ರೆಕಾರ್ಡರ್ ವಾಪಸ್ ಕೊಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಕೇಂದ್ರ ಕಚೇರಿ

ಇವರಿಂದ,
ನವನಗರ, ಬಾಗಲಕೋಟೆಯ ನಿಮ್ಮ ಗ್ರಾಹಕಿ

ದಿನಾಂಕ: 6 ನವೆಂಬರ್ 2025

ವಿಷಯ: ತಪ್ಪು ಮಾಹಿತಿ ಕೊಟ್ಟು ಬ್ಲೂ-ರೇ ಪ್ಲೇಯರ್ ಮಾರಿದ್ದು ಮತ್ತು ಹಳೆಯ ರೆಕಾರ್ಡರ್ ಹಿಂದಿರುಗಿಸದಿರುವುದು

ಮಾನ್ಯರೇ,

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಅಕ್ಟೋಬರ್ 18ರಂದು ದೀಪಾವಳಿ ಎಕ್ಸ್‌ಚೇಂಜ್ ಆಫರ್‌ನಲ್ಲಿ ನಿಮ್ಮ ಬಾಗಲಕೋಟೆ ಮಳಿಗೆಯವರು ನಮ್ಮ ಮನೆಯ ಹಳೆಯ ಡಿವಿಡಿ ರೆಕಾರ್ಡರ್ ತೆಗೆದುಕೊಂಡಿದ್ದಾರೆ. ಅದು ಈಗ ಹುಬ್ಬಳ್ಳಿಯ ಗೋಡೌನ್‌ನಲ್ಲಿದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ ಎಂದು ಅವರೇ ಹೇಳುತ್ತಾರೆ. ದಯವಿಟ್ಟು ಈ ಪತ್ರ ಪೂರ್ತಿ ಓದುವ ಮೊದಲೇ ಆ ಗೋಡೌನಿಗೆ ಒಂದು ಫೋನ್ ಮಾಡಿ. ಅದನ್ನು ಯಾರೂ ಒಡೆಯದಂತೆ ತಡೆಯಿರಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ಈಗ ವಿವರಕ್ಕೆ ಬರುತ್ತೇನೆ. ನಾನು ಹೈಸ್ಕೂಲ್ ಶಿಕ್ಷಕಿ. ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು ಮೊದಲಿನಿಂದಲೂ ಇದೆ. ಅಪ್ಪನ ಕಾಲದಿಂದ ಕೂಡಿಟ್ಟ ಸುಮಾರು ಇನ್ನೂರು ಡಿವಿಡಿ, ನಲವತ್ತು ವಿಸಿಡಿ ಇವೆ. ಡಿಸ್ಕ್ ಬಿಟ್ಟು ಮೊಬೈಲ್ ಆ್ಯಪ್‌ನಲ್ಲೇ ನೋಡಿ ಎಂದು ಬಹಳ ಜನ ಹೇಳಿದ್ದಾರೆ. ಆ್ಯಪ್‌ನಲ್ಲಿ ಇವತ್ತು ಇದ್ದ ಸಿನಿಮಾ ನಾಳೆ ಇರುವುದಿಲ್ಲ. ಕಪಾಟಿನಲ್ಲಿ ಇಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಇದು ನನ್ನ ನಂಬಿಕೆ. ಹೀಗಾಗಿ ಡಿವಿಡಿಯಿಂದ ಅದಕ್ಕಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿಗೆ ಹೋಗಬೇಕೋ ಬೇಡವೋ, ಹೋಗುವುದಾದರೆ ಸಾದಾ ಬ್ಲೂ-ರೇ ಸಾಕೋ, ಅದಕ್ಕೂ ಸ್ಪಷ್ಟವಾದ 4ಕೆ ಬೇಕೋ ಎಂದು ಆರು ತಿಂಗಳು ಯೋಚನೆ ಮಾಡಿದ್ದೇನೆ. ಸುಮ್ನೆ ಆಫರ್ ನೋಡಿ ಓಡಿಬಂದವಳಲ್ಲ.

ಲೆಕ್ಕ ನನಗೆ ಗೊತ್ತಿತ್ತು. ನಮ್ಮ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿಯ ಒಂದು ಚಿತ್ರದಲ್ಲಿ 720 ಅಡ್ಡ, 576 ಉದ್ದ ಚುಕ್ಕೆಗಳಿರುತ್ತವೆ. ಬ್ಲೂ-ರೇಯಲ್ಲಿ 1920 ಮತ್ತು 1080. ಗುಣಿಸಿದರೆ ಸರಿಯಾಗಿ ಐದು ಪಟ್ಟು. ಡಿವಿಡಿಯ ಒಂದು ಪದರದಲ್ಲಿ 4.7 ಜಿಬಿ ಹಿಡಿದರೆ, ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ. ಇದು ಸಣ್ಣ ವ್ಯತ್ಯಾಸವಲ್ಲ. ಗೊತ್ತಿಲ್ಲದೆ ಇದ್ದದ್ದು ಒಂದೇ. ಹೊಸ ಪ್ಲೇಯರ್ ತಂದರೆ ನಮ್ಮ ಹಳೆಯ ಡಿಸ್ಕ್‌ಗಳ ಗತಿ ಏನು? ಅದನ್ನು ಕೇಳಲಿಕ್ಕೆಂದೇ ನಾನು ನಿಮ್ಮ ಮಳಿಗೆಗೆ ಬಂದೆ.

ಬರುವಾಗ ಅಪ್ಪ ಮನೆಯಲ್ಲೇ ರೆಕಾರ್ಡ್ ಮಾಡಿದ ಒಂದು ಡಿಸ್ಕನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೆ. ಅದನ್ನು ತೆಗೆದು ನಿಮ್ಮ ಸೇಲ್ಸ್ ಹುಡುಗನ ಕೈಗೆ ಕೊಟ್ಟು, ‘ಇದು ಮನೆಯಲ್ಲಿ ರೆಕಾರ್ಡ್ ಮಾಡಿದ್ದು, ಹಾಕಿ ತೋರಿಸಪ್ಪ’ ಎಂದೆ. ಅವನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: ‘ಹಬ್ಬದ ರಶ್ ಐತ್ರಿ ಅಕ್ಕೋರ, ಡೆಮೋ ಹಚ್ಚಾಕ ಆಗೂದಿಲ್ಲ. ಏನ್ ಚಿಂತಿ ಮಾಡಬ್ಯಾಡ್ರಿ, ಹಳೇ ಡಿಸ್ಕ್ ಎಲ್ಲಾ ಇದರಾಗ ನಡಿತಾವು. 4ಕೆನೂ ನಡಿತೈತಿ, ಡಬ್ಬಿ ಮ್ಯಾಲೇ ಬರದೈತಿ ನೋಡ್ರಿ.’ ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಹೌದೆಂದು ತಲೆಯಾಡಿಸಿದರು. ಮನೆಯಲ್ಲಿ ಹಳೆಯ ಪ್ಲೇಯರ್ ಇದ್ದರೆ ತನ್ನಿ, 700 ರೂಪಾಯಿ ಕಡಿಮೆ ಮಾಡುತ್ತೇವೆ ಎಂದದ್ದೂ ಅವರೇ. ನನ್ನ ಮಗ ಬೈಕಿನಲ್ಲಿ ಹೋಗಿ ತಂದ. ಬಿಲ್ಲಿನಲ್ಲಿ ‘ಹಳೆ ಡಿವಿಡಿ ಪ್ಲೇಯರ್ - 1’ ಎಂದು ಬರೆದಿದ್ದಾರೆ. ಅದು ಪ್ಲೇಯರ್ ಅಲ್ಲ, ರೆಕಾರ್ಡರ್. ಯಂತ್ರದ ಮುಂಭಾಗದಲ್ಲಿ ದೊಡ್ಡದಾಗಿಯೇ ಬರೆದಿತ್ತು. ನಿಮ್ಮಲ್ಲಿ ಒಬ್ಬರಾದರೂ ಅದನ್ನು ಓದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ರೆಕಾರ್ಡರ್ ಏನು ಎಂದು ನಿಮಗೆ ತಿಳಿಯಬೇಕು. ನಮ್ಮ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಆಣೆಕಟ್ಟಿನ ಅಡಿಗಲ್ಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಹಾಕಿದ್ದು. ಅಂದಿನಿಂದ ಮನೆ ಮುಳುಗುತ್ತದೆ, ಮುಳುಗುತ್ತದೆ ಎಂದು ಕೇಳುತ್ತಲೇ ಅಪ್ಪ ಅದೇ ಮನೆಯಲ್ಲಿ ಮದುವೆಯಾದರು, ನಾವು ಅಲ್ಲೇ ಹುಟ್ಟಿದೆವು. ಬಿಡುವ ಕಾಲ ಹತ್ತಿರ ಬಂದಾಗ, 1999ರ ಹೋಳಿಯಲ್ಲಿ, ಅಪ್ಪ ಕ್ಯಾಮೆರಾ ಬಾಡಿಗೆಗೆ ತಂದು ಎಲ್ಲ ಹಿಡಿದರು. ಓಣಿಯಲ್ಲಿ ಹಲಗಿ ಬಾರಿಸುತ್ತ ಹೋಗುವ ಹುಡುಗರು, ಬಣ್ಣದ ಬಂಡಿ, ಕಟ್ಟೆಯ ಮೇಲೆ ಕೂತು ಬೈಯುತ್ತಿರುವ ಅಜ್ಜ. ನಂತರ ಒಳಗೆ ಬಂದು ಪಡಸಾಲಿ, ಅಡಿಗೆಮನಿ, ದೇವರ ಮನಿ ಎಂದು ಒಂದೊಂದೇ ಕೋಣೆ. ಆಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ‘ಇದನ್ಯಾಕ ಹಿಡೀತೀರಿ’ ಎನ್ನುತ್ತಾಳೆ.

2007ರಲ್ಲಿ ಅಪ್ಪ ಆ ರೆಕಾರ್ಡರ್ ಕೊಂಡರು. ವಿಸಿಆರ್ ಪಕ್ಕದಲ್ಲಿಟ್ಟು, ಕೆಂಪು-ಬಿಳಿ-ಹಳದಿ ವೈರು ಹಚ್ಚಿ, ಆರು ಕ್ಯಾಸೆಟ್‌ಗಳನ್ನು ಹನ್ನೊಂದು ಡಿಸ್ಕಿಗೆ ಇಳಿಸಿದರು. ಆಮೇಲೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಹೋದವು. ವಿಸಿಆರ್ ಕೂಡ ಹೋಯಿತು. ಅಪ್ಪ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಉಳಿದದ್ದು ಈ ಹನ್ನೊಂದು ಡಿಸ್ಕ್.

ಅಪ್ಪನ ಪುಣ್ಯತಿಥಿಯ ದಿನ ಸಂಜೆ ಎಲ್ಲರೂ ಕೂತು ಹೊಸ ಪ್ಲೇಯರಿಗೆ ಹಾಕಿದೆವು. ಒಂದರಿಂದ ನಾಲ್ಕರವರೆಗೆ ನಡೆದವು. ಐದನೆಯದಕ್ಕೆ ‘ಡಿಸ್ಕ್ ಇಲ್ಲ’ ಎಂದು ಬಂತು. ಆರು, ಏಳು, ಹನ್ನೊಂದರವರೆಗೆ ಹಾಗೇ. ಏಳನೆಯ ಡಿಸ್ಕಿನ ಮೇಲೆ ಅಪ್ಪನ ಕೈಬರಹದಲ್ಲಿ ‘ಮನಿ, ಹೋಳಿ, 1999’ ಎಂದಿದೆ. ಅದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ನೇರಳೆ ಬಣ್ಣದ ತಳದಲ್ಲಿ, ನಡುವಿನ ತೂತಿನಿಂದ ಹೊರಗೆ ಎರಡು ಬೆರಳು ಅಗಲದಷ್ಟು ಬಣ್ಣ ಬೇರೆಯಾಗಿದೆ. ಅಲ್ಲಿಯವರೆಗೆ ಬರೆದಿದೆ ಎಂದರ್ಥ. ನಮ್ಮ ಮನೆ ಆ ಉಂಗುರದೊಳಗೆ ಇದೆ. ಕಣ್ಣಿಗೆ ಕಾಣುತ್ತಿದೆ, ಟಿವಿಗೆ ಬರುತ್ತಿಲ್ಲ.

ಕಾರಣ ಆಮೇಲೆ ತಿಳಿಯಿತು. ಮನೆಯಲ್ಲಿ ರೆಕಾರ್ಡ್ ಮಾಡಿದ ಡಿಸ್ಕನ್ನು ಕೊನೆಗೆ ‘ಫೈನಲೈಜ್’ ಮಾಡಬೇಕು. ಪುಸ್ತಕ ಬರೆದು ಮುಗಿಸಿದ ಮೇಲೆ ಪರಿವಿಡಿ ಹಾಕಿದ ಹಾಗೆ. ಪರಿವಿಡಿ ಬರೆಯದಿದ್ದರೆ ಬೇರೆ ಯಂತ್ರಗಳಿಗೆ ಸಾಮಾನ್ಯವಾಗಿ ಅದು ಖಾಲಿ ಡಿಸ್ಕ್. ಬರೆದ ಯಂತ್ರಕ್ಕೆ ಗುರುತು ಸಿಗುತ್ತದೆ. ಜಾಗ ಉಳಿದಿದೆ, ಇನ್ನಷ್ಟು ಸೇರಿಸೋಣ ಎಂದು ಅಪ್ಪ ಏಳು ಡಿಸ್ಕ್‌ಗಳನ್ನು ಹಾಗೇ ಬಿಟ್ಟಿದ್ದರು. ಹಳೆಯ ರೆಕಾರ್ಡರ್‌ನಲ್ಲಿ ಎಲ್ಲವೂ ನಡೆಯುತ್ತಿದ್ದುದರಿಂದ ನಮಗೆ ಎಂದೂ ಗೊತ್ತಾಗಲಿಲ್ಲ. ಪಕ್ಕದ ಮನೆಯ ಹುಡುಗ ಕಂಪ್ಯೂಟರಿಗೆ ಹಾಕಿ ನೋಡಿದ. ಅಲ್ಲೂ ಖಾಲಿ ಎಂದೇ ತೋರಿಸಿತು. ತೆಗೆಯುವ ಸಾಫ್ಟ್‌ವೇರ್ ಇದೆ ಎಂದ. ಆದರೆ ಬರೆದ ಯಂತ್ರ ಕೈಯಲ್ಲಿದ್ದರೆ ಡಿಸ್ಕ್ ಹಾಕಿ, ಮೆನುವಿನಲ್ಲಿ ಫೈನಲೈಜ್ ಒತ್ತಿ, ಕೆಲವು ನಿಮಿಷ ಕಾದರೆ ಮುಗಿಯುವ ಕೆಲಸ ಇದು. ಅದೇ ಯಂತ್ರವನ್ನು ನೀವು 700 ರೂಪಾಯಿಗೆ ಒಯ್ದಿದ್ದೀರಿ.

ಮನೆಯಲ್ಲಿ ರೆಕಾರ್ಡ್ ಮಾಡಿದ ಡಿಸ್ಕ್ ಎಂದು ಹೇಳಿಯೇ ಕೈಗೆ ಕೊಟ್ಟಿದ್ದೆ. ರೆಕಾರ್ಡರ್ ಎದುರಿಗೆ ಬಂದು ಕೂತಿತ್ತು. ಈ ವ್ಯಾಪಾರ ಮಾಡುವವರಿಗೆ ‘ಡಿಸ್ಕ್ ಎಲ್ಲಾ ಫೈನಲೈಜ್ ಆಗ್ಯಾವೇನ್ರಿ’ ಎಂಬ ಒಂದು ಪ್ರಶ್ನೆ ಕೇಳುವಷ್ಟು ತಿಳಿದಿರಬೇಕು, ಅಲ್ವಾ? ತಿಳಿಯದಿದ್ದರೆ ‘ಗೊತ್ತಿಲ್ಲ’ ಎನ್ನಬೇಕಿತ್ತು. ಎಲ್ಲಾ ನಡಿತಾವು ಎಂದು ಭರವಸೆ ಕೊಡಬಾರದಿತ್ತು.

ಮರುದಿನವೇ ಮಳಿಗೆಗೆ ಬಂದೆ. ಮ್ಯಾನೇಜರ್ ಸಿಟ್ಟಾಗಲಿಲ್ಲ, ಚಹಾ ತರಿಸಿದರು. ಆದರೆ ಎಕ್ಸ್‌ಚೇಂಜ್ ಮಾಲು ಗೋಡೌನಿಗೆ ಹೋದ ಮೇಲೆ ತಮ್ಮ ಕೈಯಲ್ಲಿ ಇಲ್ಲ ಎಂದರು. ಮೂರು ಸಲ ಫೋನ್ ಮಾಡಿದೆ. ‘ಕೇಳಿ ಹೇಳ್ತೀವಿ’ ಎಂಬ ಉತ್ತರದ ಮುಂದೆ ಏನೂ ಬಂದಿಲ್ಲ. ನಿಮ್ಮ ಟೋಲ್-ಫ್ರೀ ನಂಬರಿನಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗಲಿಲ್ಲ.

4ಕೆ ವಿಷಯವನ್ನೂ ಹೇಳಬೇಕು. ಡಬ್ಬಿಯ ಮೇಲೆ 4ಕೆ ಎಂದು ಇರುವುದು ನಿಜ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಪ್‌ಸ್ಕೇಲಿಂಗ್’ ಎಂದಿದೆ. ಅಂದರೆ ಇರುವ ಚಿತ್ರವನ್ನೇ ಯಂತ್ರ ಹಿಗ್ಗಿಸಿ 4ಕೆ ಟಿವಿಗೆ ಹೊಂದಿಸುತ್ತದೆ. 4ಕೆ ಡಿಸ್ಕ್ ಬೇರೆಯೇ ಜಾತಿ. 2016ರಲ್ಲಿ ಬಂದದ್ದು, 66 ಅಥವಾ 100 ಜಿಬಿಯವರೆಗೂ ಹಿಡಿಯುತ್ತದೆ. ಅದನ್ನು ಸಾದಾ ಬ್ಲೂ-ರೇ ಪ್ಲೇಯರ್ ಓದುವುದೇ ಇಲ್ಲ. ನಿಮ್ಮ ಹುಡುಗನ ಮಾತು ನಂಬಿ ನಿಮ್ಮ ಮಳಿಗೆಯಿಂದಲೇ 1,999 ರೂಪಾಯಿ ಕೊಟ್ಟು ಒಂದು 4ಕೆ ಡಿಸ್ಕ್ ತರಿಸಿದೆ. ಒಂದು ನಿಮಿಷವೂ ನಡೆಯಲಿಲ್ಲ. ಸೀಲ್ ಒಡೆದಿದೆ ಎಂದು ವಾಪಸ್ ತೆಗೆದುಕೊಳ್ಳಲಿಲ್ಲ. ಸೀಲ್ ಒಡೆಯದೆ ಡಿಸ್ಕ್ ಹಾಕಿ ನೋಡುವುದು ಹೇಗೆ?

ವಿಸಿಡಿಗಳೂ ಈ ಪ್ಲೇಯರ್‌ನಲ್ಲಿ ನಡೆಯುವುದಿಲ್ಲ. ನಮ್ಮಲ್ಲಿರುವ ದೊಡ್ಡಾಟ, ಗೀಗೀ ಪದ, ಭಜನಾ ಪದ ಎಲ್ಲ ವಿಸಿಡಿಯಲ್ಲೇ ಇವೆ. ಹಾಡಿದವರಲ್ಲಿ ಕೆಲವರು ನಮ್ಮ ಸುತ್ತಲಿನ ಹಳ್ಳಿಯವರೇ. ಅವನ್ನು ಯಾರೂ ಬ್ಲೂ-ರೇಯಲ್ಲಿ ಮತ್ತೆ ತರುವುದಿಲ್ಲ. ಆ ರೆಕಾರ್ಡರ್ ಅವನ್ನೂ ನಡೆಸುತ್ತಿತ್ತು.

ಪ್ಲೇಯರ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಡಿವಿಡಿಯಲ್ಲಿ ಹತ್ತು ಸಲ ನೋಡಿದ ಒಂದು ಸಿನಿಮಾವನ್ನೇ ಬ್ಲೂ-ರೇಯಲ್ಲಿ ಹಾಕಿದೆವು. ಅದರಲ್ಲಿ ಒಬ್ಬ ಹೆಣ್ಣುಮಗಳು ಖಣದ ಕುಪ್ಪಸ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾಳೆ. ಡಿವಿಡಿಯಲ್ಲಿ ಆ ಸಣ್ಣ ಬುಟ್ಟಾಗಳು ಅವಳು ಅಲುಗಿದಾಗೆಲ್ಲ ಮಿಣಮಿಣ ಕುಣಿಯುತ್ತಿದ್ದವು. ಈಗ ಒಂದೊಂದು ಬುಟ್ಟಾ ನಿಂತು ಕಾಣುತ್ತದೆ. ಅವ್ವ ಗುಳೇದಗುಡ್ಡದವಳು. ಟಿವಿ ಹತ್ತಿರ ಹೋಗಿ ನೋಡಿ, ‘ಇದು ನಮ್ಮೂರ ಖಣ’ ಎಂದಳು. ಧ್ವನಿಯೂ ಬೇರೆ. ಸಿನಿಮಾ ಒಂದು ಸೆಕೆಂಡಿಗೆ 24 ಚಿತ್ರ, ಪಾಲ್ ಡಿವಿಡಿ ಅದನ್ನು 25 ಮಾಡಿ ಓಡಿಸುತ್ತದೆ. ಎರಡೂವರೆ ತಾಸಿನ ಸಿನಿಮಾ ಆರು ನಿಮಿಷ ಬೇಗ ಮುಗಿಯುತ್ತದೆ, ಹಾಡಿನ ಶ್ರುತಿ ಸ್ವಲ್ಪ ಏರುತ್ತದೆ. ಬ್ಲೂ-ರೇಯಲ್ಲಿ ಹಾಡು ತನ್ನ ಜಾಗಕ್ಕೆ ಬಂದು ಕೂತಿತು. ಹೀಗಾಗಿ ಬ್ಲೂ-ರೇಗೆ ಹೋದದ್ದು ಸರಿ ಎಂದೇ ನನ್ನ ತೀರ್ಮಾನ. 43 ಇಂಚಿನ ಟಿವಿಯನ್ನು ಎಂಟು ಅಡಿ ದೂರದಿಂದ ನೋಡುವ ನಮಗೆ ಅದರ ಮೇಲಿನ 4ಕೆ ಡಿಸ್ಕ್ ಸದ್ಯ ಬೇಕಾಗಿಲ್ಲ.

ಆದ್ದರಿಂದ ಪ್ಲೇಯರ್ ವಾಪಸ್ ತಗೊಳ್ಳಿ ಎಂದು ಕೇಳುತ್ತಿಲ್ಲ. ನನಗೆ ನಮ್ಮ ರೆಕಾರ್ಡರ್ ಬೇಕು, ರಿಮೋಟ್ ಸಮೇತ, ಒಯ್ದಾಗ ಇದ್ದ ಸ್ಥಿತಿಯಲ್ಲಿ. ಎಕ್ಸ್‌ಚೇಂಜಿನ 700 ರೂಪಾಯಿ ಅದೇ ದಿನ ಕೊಡುತ್ತೇನೆ. ಹುಬ್ಬಳ್ಳಿಗೆ ಬರಬೇಕೆಂದರೆ ಬರುತ್ತೇನೆ. ಗೋಡೌನ್‌ನಲ್ಲಿ ನೀವೇ ಹುಡುಕಿಕೊಳ್ಳಿ ಎಂದರೂ ಸರಿ. ಒಂದು ವೇಳೆ ಅದನ್ನು ಈಗಾಗಲೇ ಒಡೆದಿದ್ದರೆ, ಏಳು ಡಿಸ್ಕ್‌ಗಳಲ್ಲಿ ಇರುವುದನ್ನು ತಜ್ಞರಿಂದ ತೆಗೆಸಿಕೊಡುವ ಖರ್ಚು ನೀವು ಹೊರಬೇಕು. 4ಕೆ ಡಿಸ್ಕಿನ 1,999 ರೂಪಾಯಿ ಹಿಂದಿರುಗಿಸಬೇಕು.

ಇನ್ನೊಂದು ಬೇಡಿಕೆ ನನಗಾಗಿ ಅಲ್ಲ. ಈ ಪ್ಲೇಯರ್ ಮಾರುವ ಕಡೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ. ಇದು 4ಕೆ ಡಿಸ್ಕ್ ಓದುವುದಿಲ್ಲ, ವಿಸಿಡಿ ಓದುವುದಿಲ್ಲ, ಫೈನಲೈಜ್ ಆಗದ ಡಿಸ್ಕ್ ಓದುವುದಿಲ್ಲ ಎಂದು ಬರೆಯಿರಿ. ಹೊರದೇಶದಿಂದ ಡಿಸ್ಕ್ ತರಿಸುವವರೂ ಇದ್ದಾರೆ. ಯಾವ ದೇಶದ ಡಿಸ್ಕ್ ಯಾವ ಪ್ಲೇಯರ್‌ನಲ್ಲಿ ನಡೆಯುತ್ತದೆ ಎಂದು ಗುರುತಿಸುವ ರೀಜನ್ (ವಲಯ) ನಮ್ಮ ದೇಶದ ಬ್ಲೂ-ರೇಗೆ ಸಿ, ಅಮೆರಿಕದ್ದಕ್ಕೆ ಎ ಎಂಬುದನ್ನೂ ಸೇರಿಸಿ. ನಮ್ಮ ನವನಗರದಲ್ಲಿ ಮುಳುಗಡೆಯಾದ ಮನೆಗಳಿಂದ ಬಂದವರು ಸಾವಿರಾರು ಜನ. ಎಷ್ಟು ಕಪಾಟಿನಲ್ಲಿ ಇಂಥ ಡಿಸ್ಕ್ ಇವೆಯೋ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಬಗ್ಗೆ ನಿಮಗೆ ಗೊತ್ತಿದೆ. ಬಿಲ್ಲಿನಲ್ಲಿ ಅವಧಿ ಹಾಕದಿದ್ದರೆ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದನ್ನೂ ಅದು ಅನುಚಿತ ವ್ಯಾಪಾರದಲ್ಲಿ ಸೇರಿಸುತ್ತದೆ. ತಪ್ಪು ಹೇಳಿ ಮಾರುವುದೂ ಹಾಗೆಯೇ. ನಿಮ್ಮ ಬಿಲ್ಲಿನಲ್ಲಿ ಯಾವ ಅವಧಿಯೂ ಇಲ್ಲ. ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಏಳು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಹೋಗುವ ಆಸೆ ನನಗಿಲ್ಲ. ಆದರೆ ಹೋಗುತ್ತೇನೆ.

ಗುರುತು ಹಿಡಿಯಲು ಹೇಳುತ್ತೇನೆ: ಬೂದು ಬಣ್ಣದ ಯಂತ್ರ. ಮೇಲ್ಭಾಗದಲ್ಲಿ ಎಡಕ್ಕೆ ಊದುಬತ್ತಿ ತಾಗಿ ಆದ ಕಂದು ಕಲೆ. ಹಿಂದೆ ವೈರು ಹಚ್ಚುವ ಜಾಗದಲ್ಲಿ ಬಿಳಿ ಪಟ್ಟಿ ಅಂಟಿಸಿ ಅಪ್ಪ ‘ಒಳಗ’, ‘ಹೊರಗ’ ಎಂದು ಬರೆದಿದ್ದಾರೆ. ರಿಮೋಟಿಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದೆ. ಶಾಲೆ ಬಿಟ್ಟ ಮೇಲೆ ಸಂಜೆ 5 ಗಂಟೆಯಿಂದ ನಾನು ಮನೆಯಲ್ಲಿ ಇರುತ್ತೇನೆ. ಯಾವ ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ನವನಗರ, ಬಾಗಲಕೋಟೆ

ಲಗತ್ತು: ಬಿಲ್ಲಿನ ಪ್ರತಿ, 4ಕೆ ಡಿಸ್ಕಿನ ರಸೀದಿ, ಪ್ಲೇಯರ್ ಡಬ್ಬಿಯ ಫೋಟೊ, ಹನ್ನೊಂದು ಡಿಸ್ಕ್‌ಗಳ ಫೋಟೊ